ಆಹ್ವಾನಿಸುವವರ ಹೆಸರು

ಬೀದರಿನಲ್ಲಿ ಕೂತು ಮದುವೆಯ ಆನ್‌ಲೈನ್ ಕಾರ್ಡ್ ಮಾಡಿಕೊಡುವುದು ನನ್ನ ಕೆಲಸ. ಕಾರ್ಡಿಗೆಂದು ಮೊದಲೇ ಬರೆದಿಟ್ಟ ಕೋಡಿನಲ್ಲಿ ‘ಆಹ್ವಾನಿಸುವವರು’ ಎಂದರೆ ಡಿಫಾಲ್ಟಾಗಿ, ಅಂದರೆ ಯಾರೂ ಹೇಳದಿದ್ದರೂ ತಾನಾಗಿಯೇ, ಹುಡುಗಿಯ ತಂದೆ. ಬೇರೆ ಹೆಸರು ಬೇಕೆಂದರೆ ಕೋಡಿನಲ್ಲಿ ನಾನೇ ಬದಲಿಸಬೇಕು.

ಭಾಲ್ಕಿಯಿಂದ ಮದುಮಗಳೊಬ್ಬಳು ತಾಯಿಯನ್ನು ಕರೆದುಕೊಂಡು ಬಂದಳು. “ಅಪ್ಪ ಇಲ್ರಿ. ಅಲ್ಲಿ ಅವ್ವನ ಹೆಸರು ಹಾಕ್ರಿ” ಅಂದಳು.

ಒಂದು ಸಾಲು ಬರೆದೆ. ಪರದೆಯ ಮೇಲೆ ತಾಯಿಯ ಹೆಸರು ಬಂತು. ಅದನ್ನು ಮುಟ್ಟಲು ಹೋದ ಆಕೆ ಬೆರಳು ಹಿಂದಕ್ಕೆ ಎಳೆದುಕೊಂಡರು.

“ಬ್ಯಾಡ್ರಿ ಸರ. ಶುಭಕಾರ್ಯದಾಗ ಗಂಡ ಇಲ್ಲದಾಕಿ ಹೆಸರು ಯಾಕರಿ? ನನ್ನ ಮೈದುನಂದು ಹಾಕ್ರಿ.”

“ಅವ್ವಾ” ಅಂದಳು ಮಗಳು. ನಾನು ತಾಯಿಯ ಹೆಸರು ಅಳಿಸಿ ಮೈದುನನ ಹೆಸರು ಹಾಕಿದೆ.

ಡಿಫಾಲ್ಟ್ ಬದಲಿಸುವುದು ಒಂದು ಸಾಲಿನ ಕೆಲಸ ಎಂದು ನನ್ನ ಬಳಿ ಈ ಕೆಲಸ ಕಲಿಯಲು ಬಂದವರಿಗೆ ಈಗಲೂ ಹೇಳುತ್ತೇನೆ, ದನಿ ಸ್ವಲ್ಪ ತಗ್ಗಿಸಿ.