ಎರಡೂವರೆ ಇಂಚಿನ ಪೈಪು

ತೊಂಬತ್ತರ ದಶಕದಲ್ಲಿ ಚಿಕ್ಕಬಳ್ಳಾಪುರದಲ್ಲಿ ನನ್ನದೊಂದು ಸೈಲೆನ್ಸರ್ ವೆಲ್ಡಿಂಗ್ ಅಂಗಡಿ ಇತ್ತು. ಮಂಚೇನಹಳ್ಳಿ ಕಡೆಯ ಗೌಡರೊಬ್ಬರು ಹಳೇ ಕಾರಿಗೆ ಟರ್ಬೊ ಇರೋ ಡೀಸೆಲ್ ಇಂಜಿನ್ ಕೂರಿಸಿಕೊಂಡು, ಹೊಗೆ ಪೈಪು ಹಾಕಿಸೋಕೆ ಬಂದರು.

“ಎರಡೂವರೆ ಇಂಚಿಂದು ಹಾಕಣ ಗೌಡ್ರೇ. ಟರ್ಬೊ ದಾಟಿದ ಹೊಗೆ ಸಲೀಸಾಗಿ ಆಚೆ ಹೋಗ್ಬೇಕು,” ಅಂದೆ.

“ಪೈಪಿನ ಬಾಯಿಗೆ ಹೆಬ್ಬೆಟ್ಟು ಒತ್ತಿದ್ರೆ ತಾನೇ ಕಣೋ ನೀರು ದೂರ ಚಿಮ್ಮೋದು? ಸಣ್ಣದೇ ಹಾಕು. ನಿಮ್ಮಪ್ಪ ನಮ್ಮ ತೋಟದಲ್ಲೇ ನೀರು ಕಟ್ತಿದ್ದಿದ್ದು, ಹೋಗಿ ಅವನನ್ನ ಕೇಳು.”

ಅಪ್ಪನ ಮಾತು ಬಂದ ಮೇಲೆ ಎರಡೂವರೆ ಇಂಚಿನದನ್ನು ಮೂಲೆಗೆ ಒರಗಿಸಿದೆ. ಒಂದೂವರೆ ಇಂಚಿನದನ್ನೇ ಬೆಸೆದು ಕಳಿಸಿದೆ.

ತಿಂಗಳೊಳಗೆ ವಾಪಸ್ ಬಂದರು. ಪೆರೇಸಂದ್ರದ ಹತ್ತಿರ ಏರು ಹತ್ತಲಾರದೆ ಇಂಜಿನ್ ಕಾದು ನಿಂತಿತ್ತಂತೆ. ಬೆಂಗಳೂರಿನ ಮೆಕ್ಯಾನಿಕ್ ಒಬ್ಬ ನೋಡಿ, ಎರಡೂವರೆ ಇಂಚು ಹಾಕಿಸಿ ಅಂದನಂತೆ.

“ಗೊತ್ತಿಲ್ದಿದ್ರೆ ಗೊತ್ತಿಲ್ಲ ಅನ್ಬೇಕಪ್ಪ,” ಅಂದರು ನನಗೆ.

ಮೊದಲ ದಿನ ಅವರಿಗೆಂದೇ ತೆಗೆದಿಟ್ಟಿದ್ದ ಪೈಪು ಇನ್ನೂ ಮೂಲೆಯಲ್ಲೇ ಇತ್ತು. ಅದನ್ನೇ ಹಾಕಿಕೊಟ್ಟೆ. ಕಾರು ಚೆನ್ನಾಗಿ ಓಡಿತು.

ಆಮೇಲೆ ಟರ್ಬೊ ಗಾಡಿ ಇದ್ದ ನೆಂಟರನ್ನೆಲ್ಲ ಅವರೇ ಕರೆದುಕೊಂಡು ಬರುತ್ತಿದ್ದರು. ನನ್ನ ಸ್ಟೂಲಿನ ಮೇಲೆ ಕೂತು, ಹೊಗೆ ಸಲೀಸಾಗಿ ಆಚೆ ಹೋಗ್ಬೇಕು ಕಣೋ ಅಂತ ನನಗೇ ಪಾಠ ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಹೇಳುತ್ತಿದ್ದದ್ದು ಸರಿಯಾಗೇ ಇತ್ತಲ್ಲ.