ಠಾಣೆಗೆ ಹೋದ ಪುಸ್ತಕಗಳು

ಹಿರೋಳ್ಳಿಯ ಬಟ್ಟೆ ವ್ಯಾಪಾರಿ ಜಗದೇವಪ್ಪನ ಹೆಂಡತಿ ಸುಮಿತ್ರಾಬಾಯಿಗೆ ಓದುವ ಹುಚ್ಚು ತವರಿನಿಂದ ಬಂದದ್ದು. ಸೊಲ್ಲಾಪುರದಲ್ಲಿದ್ದ ಅವಳ ಅಣ್ಣ ಹೊಸ ಕನ್ನಡ ಪುಸ್ತಕಗಳನ್ನು ಧಾರವಾಡದಿಂದ ತರಿಸಿ, ತಾನು ಓದಿ, ತಂಗಿಗೆ ಕಳಿಸುತ್ತಿದ್ದ. ಸೊಲ್ಲಾಪುರ ಬ್ರಿಟಿಷರದ್ದು; ಗಡಿಯ ಈಚೆ ಹಿರೋಳ್ಳಿಯಲ್ಲಿ ನಿಜಾಮರ ರಾಜ್ಯ, ಶಾಲೆ, ಕಚೇರಿ ಎಲ್ಲ ಉರ್ದು. ಎರಡನೇ ಮಹಾಯುದ್ಧ ಆಗಷ್ಟೇ ಶುರುವಾಗಿತ್ತು.

ಬಂದ ಪುಸ್ತಕವನ್ನು ಪೂರ್ತಿ ಓದಿದ ಮೇಲೆ, ಮಧ್ಯಾಹ್ನ ಮನೆಯ ಕಟ್ಟೆಯ ಮೇಲೆ ಕೂತು, ಯಾವುದು ಯಾರಿಗೆ ಒಗ್ಗುತ್ತದೆಂದು ಸುಮಿತ್ರಾಬಾಯಿ ಓಣಿಯ ಹೆಂಗಸರಿಗೆ ಹೇಳುವಳು. ಚೊಚ್ಚಲ ಬಸುರಿಗೆ ಕೂಸಿನ ಆರೈಕೆಯ ಪುಸ್ತಕ. ಅತ್ತೆಯೊಡನೆ ಮಾತುಬಿಟ್ಟವಳಿಗೆ ನಗೆನಾಟಕ. ಓದು ಬಾರದವರಿಗೆ ತಾನೇ ಓದುವಳು. ಹಿಡಿಸದ್ದನ್ನು ಮುಲಾಜಿಲ್ಲದೆ ಬಯ್ಯುವಳು. “ಈ ಕಾದಂಬರಿ ಮುಟ್ಟಬ್ಯಾಡ್ರಿ. ನಾಯಕಿ ಮೊದಲನೇ ಪುಟಕ್ಕ ಅಳಾಕ ಸುರು ಮಾಡ್ಯಾಳ, ಇನ್ನೂ ಅಳಾಕತ್ತಾಳ!”

ಊರಾಚೆಯ ಕೇರಿಯ ಕೂಲಿ ಹೆಂಗಸು ಮಲ್ಕಮ್ಮ ಬೀದಿಯಲ್ಲೇ ನಿಂತು ಕೇಳುತ್ತಿದ್ದಳು. ಒಂದು ದಿನ ಸುಮಿತ್ರಾಬಾಯಿ, “ಅಲ್ಯಾಕ ನಿಂತಿ ಬೇ? ಮ್ಯಾಲ ಬಂದು ಕೂಡು,” ಎಂದು ಕರೆದು ಪಕ್ಕದಲ್ಲೇ ಕೂಡಿಸಿಕೊಂಡಳು. ಕೆಲವರು ಸೆರಗು ಜಾಡಿಸಿ ಎದ್ದು ಹೋದರು. ಆ ಮನೆಗಳಿಂದಲೇ ಆಳಂದದ ಠಾಣೆಗೆ ಚಾಡಿ ಹೋಯಿತು.

ಠಾಣೆಯ ಮುಖ್ಯ ಅಧಿಕಾರಿ ಅಮೀನ ಸಾಹೇಬ ಬಂದ. “ಇಜಾಜತ್ ಇಲ್ಲದ ಕುತುಬಖಾನಾ ನಡಸಾಕತ್ತೀರಂತ?”

“ಇದು ಗ್ರಂಥಾಲಯ ಅಲ್ರಿ, ನನ್ನ ಮನಿ ಕಟ್ಟಿ ಅದ. ಯಾವ ಪುಸ್ತಕ ಚಲೋ ಅಂತ ಹೇಳಾಕ ಯಾರ ಪರವಾನಗಿ ಬೇಕು?”

ಅವನು ಪುಸ್ತಕಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿಸಿ ಒಯ್ದ.

“ಇನ್ನ ಬಿಡು, ಅವರ ಕೂಡ ಜಗಳ ಬ್ಯಾಡ,” ಎಂದ ಜಗದೇವಪ್ಪ.

“ಪುಸ್ತಕ ಒಯ್ದಾರ್ರಿ, ನಾ ಓದಿದ್ದು ಒಯ್ದಿಲ್ಲ.”

ಮರುದಿನ ಬರಿಗೈಯಲ್ಲೇ ಕಟ್ಟೆಗೆ ಬಂದು ಕೂತಳು. “ಪೀರಬಿ, ನಿನ್ನ ಎಮ್ಮಿ ಕೆಚ್ಚಲ ಬಾತದಲ್ಲ? ದನದ ಬ್ಯಾನಿ ಪುಸ್ತಕದಾಗ ಔಷಧ ಅದ. ಠಾಣೆದಾಗ ಇಟ್ಟಾರ, ಹೋಗಿ ಕೇಳು. ಮಲ್ಕಮ್ಮ, ನಿನಗ ಹಿಡಿಸೋ ಪತ್ತೇದಾರಿ ಕತಿನೂ ಅಲ್ಲೇ ಅದ.”

ಹೆಂಗಸರು ನಕ್ಕರು. ಆದರೆ ಆಳಂದದ ಸಂತೆಯ ದಿನ ಪೀರಬಿ ನಿಜವಾಗಿಯೂ ಠಾಣೆಗೆ ಹೋದಳು. “ಸಾಬ್, ನಮ್ಮ ಎಮ್ಮಿ ನರಳಾಕತ್ತದ. ಪುಸ್ತಕ ಕೊಡ್ರಿ.” ಅವಳ ಹಿಂದೆ ಮಲ್ಕಮ್ಮ, ಮುಂದಿನ ಸಂತೆಗೆ ಇನ್ನಷ್ಟು ಮಂದಿ. ಅಮೀನ ಗದರಿಸಿದ. “ಹಂಗಾರ ಮುಂದಿನ ಸಂತಿಗಿ ಬರ್ತೇವ್ರಿ,” ಎಂದು ಹೇಳಿ ಅವರು ಹೋದರು. ಹೇಳಿದಂತೆ ಮತ್ತೆ ಬಂದರು.

ಕೊನೆಗೆ ಅವನು ಸುಮಿತ್ರಾಬಾಯಿಯನ್ನೇ ಕರೆಸಿದ. ಓಣಿಯವರೂ ಗಾಡಿ ಕಟ್ಟಿಸಿಕೊಂಡು ಅವಳೊಡನೆ ಬಂದರು.

“ಕಟ್ಟಿ ಮ್ಯಾಲ ಮಂದಿ ಕೂಡಿಸಂಗಿಲ್ಲ ಅಂತ ಬರದುಕೊಟ್ಟು ಪುಸ್ತಕ ಒಯ್ರಿ.”

“ಬರದುಕೊಡಂಗಿಲ್ರಿ. ಪುಸ್ತಕ ಬೇಕಾದ್ರ ನಿಮ್ಮ ಕಡೆನೇ ಇರ್ಲಿ, ಮಲ್ಕಮ್ಮ ನನ್ನ ಕಟ್ಟಿ ಮ್ಯಾಲೇ ಕೂಡ್ತಾಳ.”

ಹೆಂಗಸರು ಠಾಣೆಯ ಅಂಗಳದಲ್ಲಿ ಬುತ್ತಿ ಬಿಚ್ಚಿದರು. ಊಟ ಮುಗಿದರೂ ಒಬ್ಬರೂ ಏಳಲಿಲ್ಲ. ಹೊತ್ತು ಇಳಿಯುವ ಮುಂಚೆ ಅಮೀನ ಚೀಲವನ್ನು ಹೊರಗೆ ಹಾಕಿಸಿದ.

ಪತ್ತೇದಾರಿ ಕಾದಂಬರಿ ಮಾತ್ರ ಅದರಲ್ಲಿರಲಿಲ್ಲ. ಠಾಣೆಯ ಮುನ್ಷಿ ಅದನ್ನು ಅರ್ಧ ಓದಿದ್ದನಂತೆ. ಮುಗಿಸಿ ತಾನೇ ಹಿರೋಳ್ಳಿಗೆ ತಂದುಕೊಟ್ಟ. ಇಂಥದ್ದು ಇನ್ನೊಂದಿದೆಯೇ ಎಂದು ಮೆಲ್ಲಗೆ ಕೇಳಿದ. “ಮೊದಲ ಮಲ್ಕಮ್ಮಗ, ಆಮ್ಯಾಲ ನಿಮಗ,” ಎಂದಳು ಸುಮಿತ್ರಾಬಾಯಿ.

ಅಂದು ಕಟ್ಟೆಯಿಂದ ಎದ್ದು ಹೋದ ಮನೆಯವರು ಮತ್ತೆ ಬರಲಿಲ್ಲ, ಹಬ್ಬಕ್ಕೂ ಕರೆಯಲಿಲ್ಲ. ಅವಳೂ ಹೋಗಿ ಕೇಳಲಿಲ್ಲ. ಅವರ ಜಾಗದಲ್ಲಿ ಕೇರಿಯ ಹೆಂಗಸರು ಬಂದು ಕೂತರು.