ವಿಮಾನ ತೊಳೆಯುವ ನೀರಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವಿಮಾನ ತರಬೇತಿ ಶಾಲೆಯ ಶೆಡ್ಡಿನ ಮುಂದೆ, ಎರಡು ಸೀಟಿನ ವಿಮಾನದ ರೆಕ್ಕೆಯಡಿ, ಐವತ್ತು ದಾಟಿದ ಹೆಂಗಸೊಬ್ಬರು ಕುಕ್ಕರುಗಾಲಿನಲ್ಲಿ ಕೂತಿದ್ದಾರೆ. ರೆಕ್ಕೆಯ ಪುಟ್ಟ ನಲ್ಲಿ ಒತ್ತಿ ಗಾಜಿನ ಲೋಟಕ್ಕೆ ನಾಲ್ಕು ಬೆರಳಷ್ಟು ಪೆಟ್ರೋಲ್ ಇಳಿಸಿಕೊಂಡು ಆಕಾಶಕ್ಕೆ ಹಿಡಿಯುತ್ತಾರೆ. ತಿಳಿನೀಲಿ ಪೆಟ್ರೋಲಿನ ತಳದಲ್ಲಿ ಬಣ್ಣವಿಲ್ಲದ ಹನಿ ಕೂತಿದ್ದರೆ ಅದು ನೀರು. "ಇಷ್ಟೇ ಇಷ್ಟು ಸಾಕು, ಮೇಲೆ ಹೋದ್ಮೇಲೆ ಇಂಜಿನ್ ಕೈ ಕೊಡೋಕೆ," ಅನ್ನುತ್ತಾರೆ.

ದಿನಕ್ಕೆ ಐದು ವಿಮಾನ, ಹತ್ತು ಟ್ಯಾಂಕು. ಅಸಲಿಗೆ ಇದು ಅವರ ಕೆಲಸವೇ ಅಲ್ಲ. ಹದಿನೆಂಟು ವರ್ಷದಿಂದ ಅವರು ಇಲ್ಲಿ ವಿಮಾನ ತೊಳೆಯುತ್ತಾರೆ. ಲೋಟ ಹಿಡಿದು ಅಡ್ಡ ನಿಲ್ಲುವ ಅವರಿಗೆ ಕಲಿಯುವ ಹುಡುಗರು 'ನೀರಕ್ಕ' ಎಂದು ಹೆಸರಿಟ್ಟು ನಗುತ್ತಾರೆ. ನಗುವವರಿಗೆ ಹಳೆಯ ಕಥೆ ಗೊತ್ತಿಲ್ಲ.

ಟ್ಯಾಂಕಿನ ತಳದ ನೀರು ತೆಗೆಯುವುದಕ್ಕೆ ಈ ಶೆಡ್ಡಿನಲ್ಲಿ 'ನೀರು ಬಿಡೋದು' ಅನ್ನುತ್ತಾರೆ. ಪೈಪು ಹಿಡಿದು ವಿಮಾನ ತೊಳೆಯುವುದಕ್ಕೂ ಅದೇ ಮಾತು. ಮೊದಲಿನದು ಮೆಕ್ಯಾನಿಕ್ ಕೆಲಸ, ಎರಡನೆಯದು ಇವರದು. ಹಾಗಾಗಿ ಯಾರಿಗೂ ಎಂದೂ ಗೊಂದಲವಾಗಿರಲಿಲ್ಲ.

ಮೂರು ವರ್ಷದ ಹಿಂದೆ ಒಂದು ಬೆಳಿಗ್ಗೆ ಮೆಕ್ಯಾನಿಕ್ ರಜೆಯಲ್ಲಿದ್ದ. ಹಾರಲು ಕಲಿಸುವ ಮೇಷ್ಟ್ರು ಕಚೇರಿಯೊಳಗಿಂದಲೇ ಕೇಳಿದರು: "ಅಕ್ಕಾ, ನೀರು ಬಿಟ್ಟಾಯ್ತಾ?"

"ಬಿಟ್ಟಾಯ್ತು ಸಾರ್," ಅಂದರು ಇವರು, ಪೈಪು ಸುತ್ತಿಡುತ್ತಾ.

ವಿಮಾನ ಬೇಲಿ ದಾಟಿದ್ದೇ ತಡ, ಇಂಜಿನ್ ಸದ್ದಡಗಿತು. ಅದು ಬಿದ್ದ ಆಚೆ ಬಯಲಿಗೆ ಮೊದಲು ಓಡಿದವರು ಇವರೇ. ಮೇಷ್ಟ್ರ ಕಾಲು ಮುರಿದಿತ್ತು. ಕಲಿಯುತ್ತಿದ್ದ ಹತ್ತೊಂಬತ್ತರ ಹುಡುಗಿ ಆಸ್ಪತ್ರೆ ಮುಟ್ಟಲಿಲ್ಲ.

ಟ್ಯಾಂಕಿನಲ್ಲಿ ನೀರಿತ್ತು. ತನಿಖೆಯ ವರದಿ ಬಂತು: 'ಸಹಾಯಕಿ ನೀಡಿದ ತಪ್ಪು ಮಾಹಿತಿಯೇ ಅಪಘಾತಕ್ಕೆ ಕಾರಣ.' ಹಾರುವ ಮುನ್ನ ಪೈಲಟ್ಟೇ ಕಣ್ಣಾರೆ ನೋಡಿಕೊಳ್ಳಬೇಕೆಂಬ ನಿಯಮ ಅದೇ ಕಚೇರಿಯ ಗೋಡೆಯ ಮೇಲಿದೆ. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿತಂತೆ. ಮೇಷ್ಟ್ರು ಈಗ ಇನ್ನೊಂದು ಶಾಲೆಯ ಮುಖ್ಯಸ್ಥರು. ಇವರನ್ನು ತೆಗೆದುಹಾಕಲಿಲ್ಲ, ಆ ಕೆಲಸಕ್ಕೆ ಬೇರೆ ಯಾರೂ ಬರಲಿಲ್ಲ ಅಷ್ಟೇ.

ರಜೆ ಮುಗಿಸಿ ಬಂದ ಮೆಕ್ಯಾನಿಕ್ ಹತ್ತಿರ ಟ್ಯಾಂಕು ನೋಡುವುದನ್ನು ಇವರೇ ಕೇಳಿ ಕಲಿತರು. ಅವನು ನೋಡಿದ ಮೇಲೂ ಒಮ್ಮೆ ನೋಡುತ್ತಾರೆ. "ಯಾರೂ ಮಾಡು ಅಂದಿಲ್ಲ. ಇನ್ನು ಬಾಯಿಮಾತು ನಂಬೋದಿಲ್ಲ, ನನ್ನ ಬಾಯ್ದೂ ಸೇರಿ."

ವರದಿ ತಿದ್ದಿ ಎಂದು ನಾಲ್ಕು ಅರ್ಜಿ ಬರೆಸಿದ್ದಾರೆ. ಪ್ರತಿ ಸಲವೂ ಅಧಿಕಾರಿಗಳು 'ಪರಿಶೀಲಿಸುತ್ತೇವೆ' ಎಂದು ಮೊಣಕೈಗೆ ಬೆಲ್ಲ ಹಚ್ಚಿ ಕಳಿಸಿದ್ದಾರೆ. ಇವರನ್ನು ಸುಡುವುದು ಅದಲ್ಲ. ಹುಡುಗಿಯ ತಾಯಿ ಒಮ್ಮೆ ವರದಿ ಹಿಡಿದು ಗೇಟಿನ ಹತ್ತಿರ ಬಂದಿದ್ದರು. "ಒಂದು ಮಾತು ನಿಜ ಹೇಳೋಕೆ ನಿಂಗೇನಾಗಿತ್ತಮ್ಮಾ?" ಅಂದರಂತೆ. "ನಿಜಾನೇ ಹೇಳಿದ್ದೆ ಅನ್ನೋಕೆ ನನಗೆ ಬಾಯೇ ಬರಲಿಲ್ಲ," ಅನ್ನುತ್ತಾರೆ ಇವರು. " ಮಗಳು ಕಳಕೊಂಡೋರ ಹತ್ರ ಏನಂತ ವಾದ ಮಾಡೋದು?"

ಈಗ ಏನಾಗಬೇಕು ಎಂದು ಕೇಳಿದರೆ ಲೋಟ ಒರೆಸಿ ರೆಕ್ಕೆಯ ಮೇಲಿಡುತ್ತಾರೆ.

"ನನ್ನ ಹೆಸರು ತೆಗೀಬೇಡಿ, ಇರಲಿ. ಆ ವರದೀಲಿ ನಾನು ಕೊಟ್ಟ ಉತ್ತರ ಇದೆ, ಮೇಷ್ಟ್ರು ಕೇಳಿದ ಪ್ರಶ್ನೆ ಇಲ್ಲ. ಅದನ್ನೂ ಬರೀಲಿ. ಆ ತಾಯಿ ಎರಡನ್ನೂ ಓದ್ಲಿ."